ಹೇಳುವವರೆಗೆ ಸೂತಕವಿಲ್ಲ

ಸಾಫ್ಟ್‌ವೇರ್ ಬರೆಯುವವರು ಬೇರೆ, ಅದನ್ನು ಊರಿಗೆ ಹೊಂದಿಸಿ ಕೂರಿಸುವವರು ಬೇರೆ. ನಾನು ಕೂರಿಸುವವಳು. ಕುಂದಾಪುರದಲ್ಲಿ ಬಟ್ಟೆಯಂಗಡಿಯ ಮೇಲಿನ ಒಂದು ಕೋಣೆ ನನ್ನ ಆಫೀಸು. ಎಲ್ಲೋ ಯಾರೋ ಬರೆದ ವೆಬ್ ಆ್ಯಪನ್ನು ಬೈಂದೂರಿನ ಸೊಸೈಟಿಗೋ, ವಂಡ್ಸೆಯ ಕ್ಲಿನಿಕ್ಕಿಗೋ, ಬ್ರಹ್ಮಾವರದ ಮದುವೆ ಹಾಲಿಗೋ ಹಾಕಿಕೊಡುವುದು ನನ್ನ ಕೆಲಸ. ಹಾಕಿಕೊಡುವುದೆಂದರೆ ಒಂದು ಬಟನ್ ಒತ್ತಿ ಚಾ ಕುಡಿಯುತ್ತಾ ಕೂರುವುದು ಎಂದು ನಮ್ಮ ಮನೆಯವರೂ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ನನಗೇನು.

ನಿಜವಾದ ಕೆಲಸ ಒತ್ತಿದ ಮೇಲೆ ಶುರುವಾಗುತ್ತದೆ. ಪ್ರತಿ ಆ್ಯಪಿನ ಜತೆಗೂ ಒಂದು ಸೆಟ್ಟಿಂಗ್ ಫೈಲ್ ಬರುತ್ತದೆ. ಬರೆದವರು ತಮಗೆ ಸರಿ ಕಂಡದ್ದನ್ನೆಲ್ಲ ಅದರಲ್ಲಿ ತುಂಬಿರುತ್ತಾರೆ: ಭಾಷೆ ಇದು, ವಾರದ ರಜೆ ಇದು, ಮೆಸೇಜು ಹೋಗುವುದು ಹೀಗೆ. ಅದರ ಪಕ್ಕದಲ್ಲಿ ನಾವು ಇನ್ನೊಂದು ಸಣ್ಣ ಫೈಲ್ ಮಾಡಿಕೊಳ್ಳುತ್ತೇವೆ. ಅದು ಲೋಕಲ್ ಫೈಲ್. ಆ ಊರಿಗೆ, ಆ ಆಫೀಸಿಗೆ ಏನು ಬೇರೆಯಾಗಬೇಕೋ ಅಷ್ಟನ್ನು ಮಾತ್ರ ಅಲ್ಲಿ ಬರೆಯಬೇಕು. ಎರಡರಲ್ಲೂ ಒಂದೇ ವಿಷಯ ಇದ್ದರೆ ಲೋಕಲ್ ಫೈಲಿನ ಮಾತೇ ನಡೆಯುತ್ತದೆ. ಹೊಸ ಅಪ್‌ಡೇಟ್ ಬಂದಾಗ ಮೂಲ ಫೈಲ್ ಬದಲಾಗುತ್ತದೆ, ಲೋಕಲ್ ಫೈಲನ್ನು ಯಾರೂ ಮುಟ್ಟುವುದಿಲ್ಲ. ಇಷ್ಟು ಸರಳ. ಆದರೂ ಮೂಲ ಫೈಲಿಗೇ ಕೈ ಹಾಕಿ ತಿದ್ದಿ, ಅಪ್‌ಡೇಟ್ ಬಂದಾಗ ಎಲ್ಲ ಹೋಯಿತು ಎಂದು ಬೊಬ್ಬೆ ಹೊಡೆಯುವ ಜನ ಇದ್ದಾರೆ. ಅಂಥವರ ಕೈಗೆ ಕೀಬೋರ್ಡ್ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಅವರೆದುರೇ ಹೇಳಿದ್ದೇನೆ.

ಹಾಲಾಡಿ ಕಡೆ ಮೂಲಮನೆ ಇರುವ ಒಂದು ದೊಡ್ಡ ಕುಟುಂಬದ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆಯೇ. ಕುಟುಂಬದವರು ಮುಂಬೈ, ಬೈಂದೂರು, ಬ್ರಹ್ಮಾವರ ಎಂದು ಹರಡಿಹೋಗಿದ್ದರು. ಅರ್ಧ ಜನ ಹೋಟೆಲಿನವರು. ನಾಗಬನದ ಪೂಜೆ ಎಂದು, ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಸಾವು ಎಂದು ಎಲ್ಲರಿಗೂ ತಿಳಿಸುವುದಕ್ಕೆ ಒಂದು ವೆಬ್ ಆ್ಯಪ್ ಕೊಂಡಿದ್ದರು. ನಾನು ಅದನ್ನು ಹಾಕಿಕೊಡುವ ದಿನ ಕುಟುಂಬದ ಯಜಮಾನರು ಸ್ವತಃ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಎಪ್ಪತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದುವ ಅಭ್ಯಾಸ ಬೇರೆ.

"ಇದೆಂತ ಹೆಣೆ, ಅಪ್ಪನ್ ಹೆಸ್ರ್ ಬರೀದಿದ್ರೆ ಮುಂದೆ ಹೋತಿಲ್ಲೆ?"

"ಹೌದು, ಅದು ಕಡ್ಡಾಯ ಅಂತ ಮಾಡಿದ್ದಾರೆ."

"ಯಾರ್ ಮಾಡಿದ್ದ್? ನಮ್ದ್ ಅಳಿಯಕಟ್ಟ್ ಅಂದ್ ಹೇಳ್ಲಿಲ್ಯಾ ಅವ್ನಿಗೆ?"

ಅವನಿಗೆ, ಅಂದರೆ ಬರೆದವನಿಗೆ, ಅಳಿಯಕಟ್ಟಿನ ಗಂಧವೂ ಇರಲಿಲ್ಲ. ಈ ಕುಟುಂಬದಲ್ಲಿ ಲೆಕ್ಕ ತಾಯಿಯ ಕಡೆಯಿಂದ. ಹೆಂಗಸಿನ ಮಕ್ಕಳು ಕುಟುಂಬಕ್ಕೆ ಸೇರುತ್ತಾರೆ, ಗಂಡಸಿನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಹೋಗುತ್ತಾರೆ. ಯಜಮಾನರ ಸ್ವಂತ ಮಗ ಇವರ ಕುಟುಂಬದವನಲ್ಲ. ಅವರ ಅಕ್ಕನ ಮಗ, ಅಕ್ಕನ ಮಗಳು ಕುಟುಂಬದವರು. ಸೂತಕ ಹಿಡಿಯುವುದೂ ಅದೇ ದಾರಿಯಲ್ಲಿ. ನಾನು ಲೋಕಲ್ ಫೈಲಿನಲ್ಲಿ ಒಂದು ಸಾಲು ಬರೆದೆ: ವಂಶ ತಾಯಿಯಿಂದ. ಪರದೆಯಲ್ಲಿ ಅಪ್ಪನ ಹೆಸರಿನ ಪಕ್ಕದ ಕೆಂಪು ಚುಕ್ಕಿ ಹೋಗಿ ತಾಯಿಯ ಹೆಸರಿನ ಪಕ್ಕಕ್ಕೆ ಬಂತು. ಯಜಮಾನರು ಅದನ್ನು ನೋಡಿ, "ಹಾಂ, ಈಗ ಮನುಷ್ಯರ್ ಬರ್ದಾಂಗ್ ಆಯ್ತ್" ಎಂದರು. ನನಗೂ ಖುಷಿಯಾಯಿತು. ಆ ದಿನ ನಾನು ನೋಡದೆ ಬಿಟ್ಟ ಸಾಲು ಇನ್ನೊಂದಿತ್ತು ಎಂದು ಆಮೇಲೆ ಜನ ಹೇಳಿದರು. ನೋಡದೆ ಬಿಟ್ಟದ್ದಲ್ಲ, ಅದನ್ನು ಬದಲಾಯಿಸಬೇಕು ಎಂದು ಅವರೂ ಹೇಳಿರಲಿಲ್ಲ, ನನಗೂ ಕೇಳುವ ಕಾರಣ ಇರಲಿಲ್ಲ.

ಸಾವಿನ ಸುದ್ದಿಯ ಸಾಲು ಅದು. ಯಾರಾದರೂ ಆ್ಯಪಿನಲ್ಲಿ ಸಾವನ್ನು ಬರೆದರೆ ಕೂಡಲೇ ಕುಟುಂಬದ ಅಷ್ಟೂ ಜನಕ್ಕೆ ಮೆಸೇಜು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ, ಹಿಂದೆ ಮುಂದೆ ನೋಡುವುದಿಲ್ಲ.

ಯಜಮಾನರ ಅಕ್ಕನ ಮಗಳು ಬೈಂದೂರಿನಲ್ಲಿದ್ದಾರೆ. ಅವರ ಅಪ್ಪ ಮುಂಬೈ ಹೋಟೆಲಿನಲ್ಲೇ ಆಯಸ್ಸು ಕಳೆದವರು. ಆಕೆಯನ್ನು ಸಾಕಿದ್ದು, ಓದಿಸಿದ್ದು, ಗಂಡ ತೀರಿಕೊಂಡಾಗ ಮಗುವಿನ ಸಮೇತ ಮತ್ತೆ ಕೈ ಹಿಡಿದು ನಿಲ್ಲಿಸಿದ್ದು ಎಲ್ಲ ಈ ಸೋದರಮಾವ. ಆ ಮಗು ಬೆಳೆದು ಮದುವೆ ಗೊತ್ತಾಯಿತು. ಮದರಂಗಿಯ ದಿನ, ಹುಡುಗಿ ಎರಡೂ ಕೈ ಚಾಚಿ ಕೂತಿದ್ದಾಗ, ಮುಂಬೈಯಲ್ಲಿ ಕುಟುಂಬದ ಒಬ್ಬ ಮುದುಕಿ ತೀರಿಕೊಂಡಳು. ಅವಳ ಮೊಮ್ಮಗ ಬಹಳ ಚುರುಕು, ಅಲ್ಲಿಂದಲೇ ಆ್ಯಪಿನಲ್ಲಿ ಬರೆದುಬಿಟ್ಟ. ಬೈಂದೂರಿನ ಆ ಚಪ್ಪರದಡಿ ಒಂದಾದ ಮೇಲೊಂದು ಫೋನು ಕೂಗಿತಂತೆ. ಮದುವೆ ನಿಂತಿತು. ಬ್ರಹ್ಮಾವರದ ಹಾಲಿನಲ್ಲಿ ಹೆಚ್ಚಿಟ್ಟ ತರಕಾರಿಯನ್ನು ಯಾರು ಯಾರಿಗೆ ಹಂಚಿದರೋ ಗೊತ್ತಿಲ್ಲ. ಗಂಡಿನ ಕಡೆಯವರು ಒಳ್ಳೆಯವರು, ಮುಂದಿನ ಮುಹೂರ್ತಕ್ಕೆ ಒಪ್ಪಿದರು. ಆದರೆ ಹುಡುಗ ಹಡಗಿನ ಕೆಲಸದವನು, ಮತ್ತೆ ರಜೆಗೆ ಬಂದಾಗಲೇ ಆಗಬೇಕು. ಇನ್ನೊಂದು ಸಲ ನಿಂತರೆ ಈ ಸಂಬಂಧ ನಮಗೆ ಆಗಿಬರುವುದಿಲ್ಲ ಎಂದೇ ಲೆಕ್ಕ ಎಂದು ಅವನ ತಾಯಿ ನೇರವಾಗಿ ಹೇಳಿದ್ದರು.

ಯಜಮಾನರು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಏದುಸಿರು. ಕೂರಲಿಲ್ಲ.

"ಹ್ವಾಯ್, ನಿನ್ನ ಮಿಶನ್ನಿಗೆ ತಡ್ಕಂಬುಕೆ ಬತ್ತಿಲ್ಯಾ?"

"ತಡಿ ಅಂತ ಹೇಳಿದರೆ ತಡೀತದೆ. ಯಾರೂ ಹೇಳ್ಲಿಲ್ಲ."

"ಹೇಳ್ಕಾ ಅದಕ್ಕೆ? ಒಂದ್ ನಾಯಿಗಾರೂ ಗೊತ್ತಾತ್ತ್, ಮದಿ ಮನೆ ಅಂದ್ ಹೇಳಿ!"

ನನಗೂ ಸಿಟ್ಟು ಬಂತು. ನಾಯಿಯನ್ನೇ ಇಟ್ಟುಕೊಳ್ಳಿ ಹಾಗಾದರೆ, ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ನಕ್ಕುಬಿಟ್ಟರು, ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದರು.

ಹಿಂದೆ ಸಾವಿನ ಸುದ್ದಿ ಹೇಳಲಿಕ್ಕೆ ಮೂಲಮನೆಯಿಂದ ಒಬ್ಬ ಹೋಗುತ್ತಿದ್ದ. ಅಂಗಳದಲ್ಲೇ ನಿಲ್ಲುತ್ತಿದ್ದ, ನೀರು ಸಹ ಮುಟ್ಟುತ್ತಿರಲಿಲ್ಲ. ಇಂಥವರು ಹೋದರು ಎಂದು ಹೇಳಿ ಹೊರಟುಬಿಡುತ್ತಿದ್ದ. ಅವನು ಬಂದು ಹೇಳುವವರೆಗೆ ಆ ಮನೆಗೆ ಸೂತಕವಿಲ್ಲ. ಕಿವಿಗೆ ಬಿದ್ದ ಮೇಲೆ ತಲೆಗೆ ನೀರು ಹೊಯ್ದುಕೊಂಡು ಸೂತಕ ಹಿಡಿಯಬೇಕು. ಯಾವುದಾದರೂ ಮನೆಯಲ್ಲಿ ಮದುವೆ ಹತ್ತಿರ ಇದ್ದರೆ ಯಜಮಾನ ಆ ಮನುಷ್ಯನಿಗೆ ಸ್ವಲ್ಪ ತಡಿ ಎನ್ನುತ್ತಿದ್ದ. ಹೆಣ್ಣು ಗಂಡನ ಮನೆಗೆ ದಾಟಿಹೋದ ಮೇಲೆ ಸುದ್ದಿ. ಮದುವೆ ಮನೆಯವರಿಗೆ ಗಾಳಿಯಲ್ಲಿ ಏನೋ ತಿಳಿದಿರುತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಹೇಳಬೇಕಾಗುತ್ತದಲ್ಲ. ಹಾಗೆ ತಡೆಯುವುದು ಯಜಮಾನನ ಅಧಿಕಾರ, ಅವನ ಜವಾಬ್ದಾರಿಯೂ ಅದೇ.

ನಾನು ಲೋಕಲ್ ಫೈಲ್ ತೆರೆದೆ. ಸಾವಿನ ಸುದ್ದಿ ಬರೆದ ಕೂಡಲೇ ಹೋಗಬಾರದು, ಒಬ್ಬರ ಒಪ್ಪಿಗೆ ಕೇಳಬೇಕು ಎಂದು ಬರೆದೆ. ಒಪ್ಪಿಗೆ ಕೊಡುವವರ ಜಾಗಕ್ಕೆ ಯಜಮಾನರ ಮೊಬೈಲ್ ನಂಬರು ಹಾಕಿದೆ. ಅದರ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಮೊದಲನೆಯವರು ಸಿಗದಿದ್ದರೆ ಯಾರನ್ನು ಕೇಳಬೇಕು ಎಂದು.

"ಎರಡನೇ ನಂಬರು?" ಎಂದೆ.

"ಬ್ಯಾಡ."

"ಹಾಗೆ ಬಿಡೂಕೆ ಆಗುದಿಲ್ಲ. ಎಲ್ಲಾ ಕಡೆ ಎರಡು ಜನ ಇರ್ತಾರೆ. ನಿಮ್ಮ ಅಳಿಯನ ನಂಬರು ಹಾಕ್ತೇನೆ."

ಅಳಿಯ ಎಂದರೆ ಆ ಅಕ್ಕನ ಮಗ, ಬೈಂದೂರಿನವರ ಅಣ್ಣ. ಮುಂಬೈ ಹೋಟೆಲು ಮಾರಿ ಊರಿಗೆ ಬಂದವರು, ಯಜಮಾನರ ನಂತರ ಯಜಮಾನಿಕೆ ಅವರಿಗೇ. ಶಾಸ್ತ್ರದಲ್ಲಿ ಕೂದಲು ಸೀಳುವ ಮನುಷ್ಯ.

"ಅವ್ನಿಗೆ ತಡ್ಕಂಡ್ ಗೊತ್ತಿಲ್ಲೆ," ಎಂದರು ಯಜಮಾನರು. "ಖಾಲಿ ಬಿಡ್."

"ಖಾಲಿ ಬಿಟ್ಟರೆ ನೀವು ಹೇಳುವವರೆಗೆ ಅದು ಕಾಯ್ತಾನೇ ಇರ್ತದೆ."

"ಕಾಯ್ಲಿ."

ಮೂರು ಕಾಸಿನ ಬುದ್ಧಿ ಇರುವ ಯಾರೂ ಹಾಗೆ ಮಾಡುವುದಿಲ್ಲ ಎಂದು ನಾನು ವಾದಿಸಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಕುಟುಂಬ, ಅವರ ಫೈಲು. ಖಾಲಿ ಬಿಟ್ಟೆ. ಆಮೇಲೆ ಅವರು ಮೂಲಮನೆಯಲ್ಲಿ ಎಲ್ಲರನ್ನೂ ಸೇರಿಸಿ ಒಂದು ಮಾತು ಕಟ್ಟಿದರು: ಆ್ಯಪಿನ ಮೆಸೇಜು ಬಂದರೆ ಮನುಷ್ಯ ಬಂದು ಅಂಗಳದಲ್ಲಿ ನಿಂತು ಹೇಳಿದ ಹಾಗೆ. ವಾಟ್ಸಾಪಿನ ಗುಸುಗುಸು, ಪೇಟೆಯ ಮಾತು ಲೆಕ್ಕಕ್ಕಿಲ್ಲ. ಮುಂಬೈಯವರೂ ವಿಡಿಯೋದಲ್ಲಿ ಕೂತು ಒಪ್ಪಿದರು.

ಹಡಗು ತಿರುಗಿ ಬಂತು, ಹುಡುಗ ಬಂದ, ಬ್ರಹ್ಮಾವರದ ಅದೇ ಹಾಲು ಗೊತ್ತಾಯಿತು. ನನಗೂ ಮದುವೆ ಕಾಗದ ಬಂತು. ಮದುವೆಯ ಮುನ್ನಾದಿನ ನಾನು ಬೈಂದೂರಿನ ಸೊಸೈಟಿಯಲ್ಲಿ ಪ್ರಿಂಟರಿನ ಜತೆ ಗುದ್ದಾಡುತ್ತಿದ್ದೆ. ಫೋನು ಬಂತು. ಯಜಮಾನರ ಮಗ, ಹಟ್ಟಿಯಂಗಡಿಯಿಂದ. ಯಜಮಾನರು ಇದ್ದದ್ದು ಮಗನ ಜತೆ.

"ಅಕ್ಕ, ಅಪ್ಪಯ್ಯ ಹೋದ್ರ್. ಆಸ್ಪತ್ರೆಂದ ಈಗ ಬಂದ್ವ್."

ನಾನು ಅವರ ಕುಟುಂಬದವಳಲ್ಲ, ನನಗೆ ಹೇಳಿದರೆ ಯಾರಿಗೂ ಏನೂ ತಟ್ಟುವುದಿಲ್ಲ. ಹಾಗಾಗಿ ಹೇಳಬಹುದಾದ ಕೆಲವೇ ಜನರಲ್ಲಿ ನಾನೊಬ್ಬಳು. ಕುಂಟುತ್ತಿದ್ದ ಪ್ರಿಂಟರನ್ನು ಆಫ್ ಮಾಡಿ ಹೊರಗೆ ಬಂದೆ.

"ಆ್ಯಪಲ್ಲಿ ಬರೆದ್ಯಾ?"

"ಬರ್ದೆ. ಯಾರ್ ಹತ್ರ ಇರ್ತ್ರೋ ಅವ್ರ್ ಕೂಡ್ಲೇ ಬರೀಕ್ ಅಂದ್ ಅಪ್ಪಯ್ಯನೇ ಮಾಡಿದ್ದಲೆ. ಬರ್ದ್ ಮುಗ್ಸುವತಿಗೆ ಕಿಸೆಲಿ ಫೋನ್ ಕೂಗ್ತ್. ಅಪ್ಪಯ್ಯನ್ ಫೋನ್. ಅಪ್ಪಯ್ಯ ಹೋದ್ರ್, ಎಲ್ಲರಿಗೂ ತಿಳಿಸ್ಲಾ ಅಂದ್ ಹೇಳಿ ಅಪ್ಪಯ್ಯನ್ ಹತ್ರವೇ ಕೇಳ್ತಿತ್ತ್ ಅಕ್ಕ. ಎಂತ ಮಾಡೂದ್?"

ನಾನು ಎಷ್ಟೋ ಆ್ಯಪುಗಳನ್ನು ಹಾಕಿದ್ದೇನೆ, ಎಂಥೆಂಥದೋ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ. ಇಂಥದನ್ನು ಯಾರೂ ಕೇಳಿರಲಿಲ್ಲ.

"ಒತ್ತಬೇಡ," ಎಂದೆ.

"ಅಪ್ಪಯ್ಯನೂ ಹಾಂಗೇ ಹೇಳಿರ್. ಆಸ್ಪತ್ರೆಲಿ ಫೋನ್ ನನ್ ಕೈಲಿ ಕೊಟ್ಟ್, ಎಂತದೇ ಕೇಳ್ಲಿ, ಹೆಣ್ಣಿನ್ ಧಾರೆ ಮುಗಿವಲ್ಲಿವರೆಗೆ ಒತ್ಬ್ಯಾಡ ಅಂದ್ರ್." ಆಮೇಲೆ ಹೇಳಿದ, "ಸಂಜೆ ದಹನ ಮುಗ್ಸ್ತ್ವ್ ಅಕ್ಕ. ನೆರೆಕರೆಯವ್ರ್ ಇದ್ರ್. ಅವ್ರ್ ಕುಟುಂಬದವ್ರ್ ಯಾರೂ ಬಪ್ಪಾಂಗಿಲ್ಲೆ."

ಕುಟುಂಬದ ಎಲ್ಲರ ಸಾವಿಗೂ ಮುಂದೆ ನಿಂತು ಕಟ್ಟಿಗೆ ಹೊಂದಿಸಿದ ಮನುಷ್ಯ. ಅವರ ಸಾವಿಗೆ ಕುಟುಂಬದ ಒಂದು ನರಪಿಳ್ಳೆಯೂ ಇಲ್ಲ, ಅದೂ ಅವರೇ ಮಾಡಿಟ್ಟ ವ್ಯವಸ್ಥೆಯಿಂದ. ನನಗೆ ತುಂಬ ಸಂಕಟವಾಯಿತು. ಸಂಕಟಪಡುವಷ್ಟು ಸಂಬಂಧವೇನೂ ಇರಲಿಲ್ಲ, ಆದರೂ ಆಯಿತು. ಒಳಗೆ ಹೋಗಿ ಮತ್ತೆ ಪ್ರಿಂಟರ್ ಆನ್ ಮಾಡಿದೆ.

ಕುಂದಾಪುರಕ್ಕೆ ತಿರುಗಿ ಬರುವಾಗ ಕೋಣೆಯ ಬಾಗಿಲಲ್ಲಿ ಅಳಿಯ ನಿಂತಿದ್ದರು. ಹಾಲಿನಿಂದ ಸೀದಾ ಬಂದಂತಿತ್ತು, ಅಂಗಿಯ ಮೇಲೆ ಹೂವಿನ ಎಸಳು. ಮುಖ ಬಾಡಿತ್ತು.

"ಮೇಡಂ, ಆ ಫೈಲಲ್ಲಿ ನನ್ ನಂಬರ್ ಹಾಕ್ಕಲೆ."

"ಯಾವ ಜಾಗಕ್ಕೆ?"

"ಮಾವನ್ ನಂಬರ್ ಇಪ್ಪ ಜಾಗಕ್ಕೆ."

"ಯಜಮಾನರ ನಂಬರು ತೆಗೆಯಬೇಕಾದರೆ ಅವರೇ ಹೇಳಬೇಕು."

"ಅವ್ರ್ ಫೋನ್ ಎತ್ತುದಿಲ್ಲೆ."

"ಯಾಕೆ?"

ಅವರು ಬಾಯಿ ತೆರೆದರು, ಮುಚ್ಚಿದರು. ಪೇಟೆಯಲ್ಲೋ ಹಾಲಿನ ಅಡಿಗೆ ಕೋಣೆಯಲ್ಲೋ ಅವರ ಕಿವಿಗೆ ಬಿದ್ದಿದೆ ಎಂದು ಮುಖವೇ ಹೇಳುತ್ತಿತ್ತು. ಆದರೆ ಅದು ಗಾಳಿಮಾತು, ಲೆಕ್ಕಕ್ಕಿಲ್ಲ. ತಮ್ಮ ಬಾಯಿಂದಲೇ ಆ ಮಾತು ಹೊರಗೆ ಬಂದರೆ ಅದು ಲೆಕ್ಕಕ್ಕೆ ಬರುತ್ತದೆ. ನಾಳೆ ಮಗಳ ಸ್ಥಾನದ ಹುಡುಗಿಗೆ ಸೋದರಮಾವನಾಗಿ ನಿಲ್ಲಬೇಕಾದವರು ಇವರು.

"ಅರೆ, ಎಂತಕ್ಕೋ ಏನೋ. ನೀವ್ ಹಾಕಿ ಮರ್ರೆ. ಕುಟುಂಬದ್ ಕೆಲ್ಸ ನಿಂತ್ಹೋತ್ತ್."

"ಬದಲಾಯಿಸಲಿಕ್ಕೆ ಕಾರಣ ಬೇಕು. ಕಾರಣ ಹೇಳಿ, ಈಗಲೇ ಬದಲಾಯಿಸುತ್ತೇನೆ."

ಇದು ನನ್ನ ನಿಯಮವೇ, ಆ ಹೊತ್ತಿಗೆ ಹುಟ್ಟಿಸಿದ್ದಲ್ಲ. ಯಾರು ಯಾವ ಸಾಲನ್ನು ಯಾಕೆ ಬದಲಾಯಿಸಿದರು ಎಂದು ಲೋಕಲ್ ಫೈಲಿನಲ್ಲಿ ಬರೆದಿಡದೆ ನಾನು ಒಂದು ಚುಕ್ಕಿಯನ್ನೂ ಅಲುಗಿಸುವುದಿಲ್ಲ. ಆದರೆ ಆ ದಿನ ಆ ನಿಯಮದ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿದ್ದು ಸುಳ್ಳಲ್ಲ.

ಅವರು ಬೆಂಚಿನ ಮೇಲೆ ಕೂತರು. ತಗ್ಗಿದ ದನಿಯಲ್ಲಿ ಹೇಳಿದರು, "ನಾನ್ ಮದಿ ನಿಲ್ಸುಕೆ ಬಂದವ ಅಲ್ಲ. ಆದ್ರೆ ನಾಳೆ ಆ ಹೆಣ್ಣಿಗೆ ಎಂತಾರೂ ಆದ್ರೆ? ಗೊತ್ತಿದ್ದೂ ಮಾಡಿದ್ದ್ ಅಂದ್ ನಾಗ ಬಿಡುದಿಲ್ಲೆ. ನಂಗೆ ಹೆದ್ರಿಕೆ ಆತ್ತ್."

ನಾಟಕವಲ್ಲ, ನಿಜವಾದ ಹೆದರಿಕೆ. ಇವರಿಗೆ ಬೈಯಬೇಕು ಎಂದು ಸಿದ್ಧಮಾಡಿಕೊಂಡಿದ್ದ ಮಾತು ನನ್ನಲ್ಲೇ ಉಳಿಯಿತು.

"ಏನು ಗೊತ್ತಿದ್ದು?" ಎಂದೆ.

ಅವರು ನನ್ನನ್ನೇ ನೋಡಿದರು.

"ನಿಮಗೆ ಏನಾದರೂ ಮೆಸೇಜು ಬಂದಿದೆಯಾ?"

"ಇಲ್ಲೆ."

"ಮನುಷ್ಯ ಯಾರಾದರೂ ಅಂಗಳಕ್ಕೆ ಬಂದು ಹೇಳಿದ್ದಾರಾ?"

"ಇಲ್ಲೆ."

"ಹಾಗಾದರೆ ಹೋಗಿ ಮದುವೆ ಕೆಲಸ ನೋಡಿ. ಕಾಯಬೇಕು ಎಂದು ಯಜಮಾನರು ಬರೆಸಿದ್ದಾರೆ. ಅದು ಕಾಯುತ್ತಾ ಇದೆ. ಕಾಯಿಸಿದ್ದರ ಹೊಣೆ ಬರೆಸಿದವರದ್ದು, ನಿಮ್ಮದಲ್ಲ."

ಇಷ್ಟು ಧೈರ್ಯದ ಮಾತು ಹೇಳುವ ಅಧಿಕಾರ ನನಗೆ ಯಾರು ಕೊಟ್ಟರೋ. ನಾಗನ ವಿಷಯ ನನಗೆ ಅಕ್ಷರವೂ ಗೊತ್ತಿಲ್ಲ. ಅವರು ಎದ್ದು, ಅಂಗಿ ಕೊಡವಿಕೊಂಡು, ಮೆಟ್ಟಿಲು ಇಳಿದುಹೋದರು.

ಮರುದಿನ ಬ್ರಹ್ಮಾವರಕ್ಕೆ ಹೋದೆ. ಸೆಖೆ ಎಂದರೆ ಸೆಖೆ, ಫ್ಯಾನಿನ ಗಾಳಿಯೂ ಬಿಸಿ. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ನಗುತ್ತಾ ಬನ್ನಿ ಬನ್ನಿ ಎನ್ನುತ್ತಿದ್ದರು. ಯಾರೋ ಒಬ್ಬರು, "ಯಜಮಾನ್ರ್ ಕಾಂತಿಲ್ಲೆ?" ಎಂದರು. "ಹುಷಾರಿಲ್ಲೆ, ಮನಿಕಂಡಿದ್ರ್," ಎಂದು ಆಕೆ ಹೇಳಿದರು. ಕೇಳಿದವರು ಹೌದಾ ಎಂದು ಮುಂದೆ ಹೋದರು. ಅಲ್ಲಿದ್ದ ಹಿರಿಯರಲ್ಲಿ ಒಬ್ಬರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಏನು ಹುಷಾರಿಲ್ಲ, ಎಂದಿನಿಂದ, ಯಾವ ಡಾಕ್ಟರು, ಒಂದೂ ಇಲ್ಲ. ನಮ್ಮ ಕಡೆಯವರು ಬೇರೆ ದಿನ ಹೀಗೆ ಬಿಡುವವರಲ್ಲ, ಜಾತಕವನ್ನೇ ಕೇಳುತ್ತಾರೆ.

ಧಾರೆ ಆಯಿತು. ಸೋದರಮಾವ ತನ್ನ ಜಾಗದಲ್ಲಿ ನಿಂತು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹುಡುಗಿಗೆ ಏನೂ ಗೊತ್ತಿರಲಿಲ್ಲ ಎಂದು ನನ್ನ ಅಂದಾಜು; ಅವಳು ಒಬ್ಬಳೇ ಆ ದಿನ ಪೂರ್ತಿ ಸಂತೋಷದಲ್ಲಿದ್ದಳು. ತಾಯಿ ಪಂಕ್ತಿಯಲ್ಲಿ ಓಡಾಡಿ ಪಾಯಸ ಹಾಕಿಸುತ್ತಿದ್ದರು. ನನ್ನ ಎಲೆಯ ಹತ್ತಿರ ಬಂದು ನಿಂತು, "ಸಮಾ ಉಣ್ಣಿ, ನಾಚ್ಕಂಬುಕಾಗ" ಎಂದರು. ಆ ಹೆಂಗಸು ಆ ಹೊತ್ತಿನಲ್ಲಿ ನಕ್ಕ ನಗು ನೋಡಿ ನಾನು ಎಲೆಯ ಕಡೆ ತಲೆ ತಗ್ಗಿಸಿದೆ. ಪಾಯಸ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ಹೆಣ್ಣು ಗಂಡನ ಮನೆ ಸೇರಿದ ಮರುದಿನ ಬೆಳಿಗ್ಗೆ ಅಣ್ಣತಂಗಿ ಇಬ್ಬರೂ ನನ್ನ ಕೋಣೆಗೆ ಬಂದರು. ಅದಕ್ಕೆ ಮೊದಲೇ ಯಜಮಾನರ ಮಗನೂ ಹಟ್ಟಿಯಂಗಡಿಯಿಂದ ಫೋನು ಮಾಡಿ, ಇನ್ನು ನಂಬರು ಬದಲಾಯಿಸಬಹುದು ಎಂದು ತಿಳಿಸಿದ್ದ. ತಂಗಿಯ ಕೈಯಲ್ಲಿ ಮದುವೆಯ ಬಳೆ, ಉಟ್ಟದ್ದು ಮಾತ್ರ ಹಳೆಯ ನೂಲಿನ ಸೀರೆ.

"ಈಗ ಇವ್ನ್ ನಂಬರ್ ಹಾಕಿ," ಎಂದರು ಆಕೆ.

ನಾನು ಕಾರಣ ಕೇಳಲಿಲ್ಲ. ಫೈಲ್ ತೆರೆದು ಯಜಮಾನರ ನಂಬರು ತೆಗೆದು ಅಳಿಯನ ನಂಬರು ಹಾಕಿದೆ, ಆ್ಯಪನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿದೆ. ಅಳಿಯನ ಫೋನು ಕೂಗಿತು, ಎಲ್ಲರಿಗೂ ತಿಳಿಸಲಾ ಎಂದು. ಅವರು ಅದನ್ನು ನೋಡಲಿಲ್ಲ, ಪರದೆಯ ಮುಖ ಮೇಲೆ ಮಾಡಿ ತಂಗಿಯ ಕಡೆ ಚಾಚಿದರು. ಆಕೆ ಬೆರಳಿಂದ ಒತ್ತಿದರು.

ಒಂದು ಉಸಿರಿನಷ್ಟು ಹೊತ್ತು. ಆಕೆಯ ಚೀಲದೊಳಗೆ ಆಕೆಯ ಫೋನು ಕೂಗಿತು. ತೆಗೆದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ಸಾಲಿನ ಮೆಸೇಜು ಅದು, ನಾನೇ ಬರೆದಿಟ್ಟದ್ದು. ಓದಿ ಮುಗಿಸಿ ಕನ್ನಡಕ ತೆಗೆದು ಅಣ್ಣನ ಮುಖ ನೋಡಿದರು.

"ಅಣ್ಣಯ್ಯ, ಮಾವ ಹೋದ್ರಂಬ್ರ್."

"ಹೌದಾ?" ಎಂದರು ಅವರು. "ಯಾವಾಗ?"

ಆಕೆ ಮಾವಾ ಎಂದು ಒಂದೇ ಸಲ ಕೂಗಿ, ಅಲ್ಲೇ ನೆಲದ ಮೇಲೆ ಕುಸಿದು ಕೂತು, ಕೆಳಗಿನ ಬಟ್ಟೆಯಂಗಡಿಯವರು ಓಡಿ ಬರುವಷ್ಟು ಗಟ್ಟಿಯಾಗಿ ಅತ್ತರು.